ಎತ್ತಾಯ್ತು

ಮನೆ ಅಳಿಯನ ಹೊಟ್ಟೆ ಹರಿದಿತ್ತು. ಅವಳು ಅವನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿಕೊಂಡು, ಹಾಯಿ ಹೊಲಿಯುವ ದಪ್ಪ ಸೂಜಿಯಿಂದ ಹೊಲಿಗೆ ಹಾಕುತ್ತಿದ್ದಳು. ಹೊಟ್ಟೆಯೊಳಗಿದ್ದದ್ದು ಹಳೆಯ ಹಗ್ಗದ ಚೂರುಗಳು, ನೀರು ತುಂಬಿದ ಒಂದು ಪ್ಲಾಸ್ಟಿಕ್ ಕ್ಯಾನು, ಒಂದಿಷ್ಟು ಸ್ಪಂಜು. ತಲೆಯ ಜಾಗದಲ್ಲಿ ಸವೆದ ಫುಟ್‌ಬಾಲು ಇತ್ತು.

ಚಳಿಗಾಲಕ್ಕೆ ದೋಣಿಗಳನ್ನೆಲ್ಲ ದಡಕ್ಕೆ ಎಳೆದು ಕವುಚಿ ಹಾಕುವ ದಿನ, ಹಾಯಿದೋಣಿ ಕ್ಲಬ್ಬಿನವರು ಈ ಬೊಂಬೆಯನ್ನು ಕೊಲ್ಲಿಯ ನೀರಿಗೆ ಎಸೆಯುತ್ತಿದ್ದರು. ಯಾವ ದೋಣಿಯವರು ಮೊದಲು ಅದನ್ನು ಮೇಲೆತ್ತುತ್ತಾರೋ ಅವರು ಗೆದ್ದಂತೆ. ವರ್ಷವಿಡೀ ಮೂಲೆಯಲ್ಲಿ ಕೂತಿರುತ್ತದೆ, ಅಲ್ಲಿನ ಕಡ್ಡಿ ಇಲ್ಲಿ ಎತ್ತಿಡುವುದಿಲ್ಲ, ಅದನ್ನೇ ಯಾರಾದರೂ ಎತ್ತಬೇಕು. ಹಾಗಾಗಿ ಅದಕ್ಕೆ ಮನೆ ಅಳಿಯ ಎಂದು ಯಾರೋ ಹೆಸರಿಟ್ಟಿದ್ದರು. ಆ ಹೆಸರೇ ನಿಂತುಬಿಟ್ಟಿತ್ತು.

ಅವಳ ಗಂಡ ನಿಜವಾದ ಮನೆ ಅಳಿಯ. ಅವಳ ಅಪ್ಪ ಕ್ಲಬ್ಬಿನ ದೋಣಿಗಳನ್ನು ನೋಡಿಕೊಳ್ಳುವವರು. ಹಾಯಿಗಳನ್ನು ಇಡುವ ಕೋಣೆಯ ಮೇಲಿನ ಮಹಡಿಯೇ ಅವರ ಮನೆ. ಮದುವೆಯಾದ ಮೇಲೆ ಅವನು ಒಂದು ಚೀಲ ಹಿಡಿದುಕೊಂಡು ಅಲ್ಲಿಗೇ ಬಂದ. ಜನ ಬೊಂಬೆಯನ್ನೂ ಅವನನ್ನೂ ಜೋಡಿಸಿ ನಗುತ್ತಿದ್ದರೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅವನೇ. "ನಮ್ಮಿಬ್ಬರದೂ ಒಂದೇ ಉದ್ಯೋಗ. ಇವನಿಗೆ ಊಟ ಇಲ್ಲ, ಪಾಪ" ಎನ್ನುತ್ತ ತನ್ನ ಹಳೆಯ ಹಳದಿ ಮಳೆಕೋಟನ್ನು ಬೊಂಬೆಗೆ ತೊಡಿಸಿದ್ದ. ದೋಣಿಯನ್ನು ದಡಕ್ಕೆ ಎಳೆಯುವಾಗಲೂ ಅವನು ಇಳಿಯುತ್ತಿರಲಿಲ್ಲ. ಮದುಮಗನ ಹಾಗೆ ನಡುಹಲಗೆಯ ಮೇಲೆ ಕೂತೇ ಇರುತ್ತಿದ್ದ. ಅಪ್ಪ ದೋಣಿಯ ಹಗ್ಗ ಸುತ್ತುವ ರಾಟೆಯ ಹಿಡಿ ತಿರುಗಿಸುತ್ತ ಏದುಸಿರು ಬಿಟ್ಟು, "ಇಳೀರಿ ಅಳಿಯಂದ್ರೇ" ಎಂದು ಗೊಣಗಬೇಕು. "ಅಳಿಯನ ಭಾರ ಹೊರೋದು ನಿಮ್ಮ ಹಣೆಬರಹ, ಮಾವ" ಎಂದು ಅವನು ಅನ್ನಬೇಕು. ಆಮೇಲೆ ಇಳಿಯಬೇಕು. ಅದು ಮಾವ ಅಳಿಯನ ದಿನನಿತ್ಯದ ನಾಟಕ.

ಈಗ ಅವಳ ಸೂಜಿ ಹಾಯುತ್ತಿದ್ದದ್ದು ಅದೇ ಕೋಟಿನಲ್ಲಿ. ಹೋದ ವರ್ಷದಿಂದ ಬೊಂಬೆಯ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಎಲ್ಲರೂ 'ಅದು' ಎನ್ನುತ್ತಿದ್ದರು.

"ಅಮ್ಮಾ, ಅದು ಅಪ್ಪ ಅಲ್ಲ ತಾನೇ?" ಬಾಗಿಲಲ್ಲಿ ನಿಂತಿದ್ದ ಗುಬ್ಬಿ ಕೇಳಿದಳು. ಮಗಳಿಗೆ ಆ ಹೆಸರಿಟ್ಟವನು ಅವನೇ.

"ಅಲ್ಲ ಕಣೇ. ಬೊಂಬೆ."

"ಮತ್ತೆ ನಾನ್ಯಾಕೆ ಅದಕ್ಕೆ ಬೊಟ್ಟು ಮಾಡ್ಬೇಕು?"

ಅವಳು ದಾರ ಕಚ್ಚಿ ತುಂಡು ಮಾಡಿದಳು.

ನೀರಿನ ಮೇಲೆ ಒಂದು ಕಟ್ಟುನಿಟ್ಟಿನ ಪಾಠವಿದೆ. ಯಾರಾದರೂ ದೋಣಿಯಿಂದ ಬಿದ್ದರೆ, ನೋಡಿದವರಲ್ಲಿ ಒಬ್ಬರು ಬೇರೇನೂ ಮಾಡಕೂಡದು. ಎದ್ದು ನಿಂತು, ತೋಳು ಚಾಚಿ, ಬಿದ್ದವರತ್ತ ಬೊಟ್ಟು ಮಾಡಬೇಕು. ಕಣ್ಣು ಕೀಳಬಾರದು, ಕಿತ್ತರೆ ಅಲೆಗಳ ನಡುವೆ ಆ ತಲೆ ಮತ್ತೆ ಸಿಗುವುದಿಲ್ಲ. ಚುಕ್ಕಾಣಿ ಹಿಡಿದವರು ನೀರು ನೋಡದೆ ಆ ಬೆರಳು ನೋಡಿ ದೋಣಿ ನಡೆಸಬೇಕು. ಬಿದ್ದವರನ್ನು ಮೇಲೆತ್ತಿದವರು "ಎತ್ತಾಯ್ತು!" ಎಂದು ಕೂಗಬೇಕು. ಕೈ ಇಳಿಸುವುದು ಆಮೇಲೆಯೇ. ಗುಬ್ಬಿಗೆ ಇದನ್ನೆಲ್ಲ ಆಟದ ಹಾಗೆ ಕಲಿಸಿದವನೂ ಅವನೇ.

ಹೋದ ವರ್ಷ ಆಟವೆಲ್ಲ ಮುಗಿದ ಮೇಲೆ, ಪಂದ್ಯದ ಗುರುತಿಗೆಂದು ತೇಲಿಬಿಟ್ಟಿದ್ದ ಕಿತ್ತಳೆ ಡ್ರಮ್ಮುಗಳನ್ನು ತರಲು ಅವನು ಮಗಳನ್ನು ಕೂರಿಸಿಕೊಂಡು ಹೋದ. ಮಗುವಿಗೆ ಚಳಿ ಎಂದು ತನ್ನ ಲೈಫ್ ಜಾಕೆಟ್ ಬಿಚ್ಚಿ ಅದರ ಕಾಲಿಗೆ ಹೊದಿಸಿದ್ದ. ಗಾಳಿ ತಿರುಗಿತು. ಹಾಯಿಯ ಅಡ್ಡಗೋಲು ಬೀಸಿ ಬಂದು ಅವನ ತಲೆಗೆ ಬಡಿಯಿತು. ಜನ ಅಲ್ಲಿಗೆ ತಲುಪಿದಾಗ ಗುಬ್ಬಿ ಒಬ್ಬಳೇ ದೋಣಿಯಲ್ಲಿ ನಿಂತಿದ್ದಳು, ತೋಳು ಚಾಚಿಕೊಂಡು. ಆ ಬೆರಳು ತೋರಿಸಿದ ಕಡೆಯೆಲ್ಲ ಜಾಲಾಡಿದರು. ಅವನು ಸಿಗಲಿಲ್ಲ. ಮಗುವಿನ ಕೈ ಮಾತ್ರ ಇಳಿಯಲಿಲ್ಲ. ಕೊನೆಗೆ ಅಜ್ಜ ತೊಡೆಯ ಮೇಲೆ ಕೂರಿಸಿಕೊಂಡು, ಒದ್ದೆ ಹಗ್ಗ ಮಡಚುವ ಹಾಗೆ ಮೆಲ್ಲಗೆ ಮಡಚಬೇಕಾಯಿತು.

ಅಂದಿನಿಂದ ಆ ಕೈ ನಿದ್ದೆಯಲ್ಲಿ ಏಳುತ್ತಿತ್ತು. ಕಿಟಕಿಯತ್ತ, ಕೊಲ್ಲಿಯತ್ತ. ಗುಬ್ಬಿಯ ಪಕ್ಕದಲ್ಲಿ ಅವಳು ಅದನ್ನು ತನ್ನ ಕೈಕೆಳಗೆ ಅದುಮಿಕೊಂಡು ಮಲಗುತ್ತಿದ್ದಳು. ಹಗಲಲ್ಲಿ ಗುಬ್ಬಿಯೇ ಅದನ್ನು ತೊಡೆಯ ಕೆಳಗಿಟ್ಟು ಕೂರುತ್ತಿದ್ದಳು. ಬರೆಯುವುದನ್ನೂ ಎಡಗೈಗೆ ರೂಢಿ ಮಾಡಿಕೊಂಡಿದ್ದಳು. ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಜೀವನವಿಡೀ ಬಾಯಿ ತೆರೆದು ಮಲಗಿದವರ ಜೊತೆಗೇ ಮಾತಾಡಿದ್ದರಿಂದ ಎದುರಿನವರು ಉತ್ತರ ಕೊಡುತ್ತಾರೆಂಬ ನಿರೀಕ್ಷೆಯೇ ಅವರಿಗಿರಲಿಲ್ಲ. ಆದರೂ ಅವರು ಹೇಳಿದ್ದರಲ್ಲಿ ಅರ್ಥವಿತ್ತು.

"ಮಗೂಗೆ ಆ ಮಾತು ಕೇಳಿಸಿಲ್ಲ, ನೋಡಮ್ಮ. ಎತ್ತಾಯ್ತು ಅನ್ನೋ ಮಾತು. ಈ ಸಲ ನಿನ್ನ ದೋಣೀಲಿ ಅವಳೇ ಬೊಟ್ಟು ಮಾಡ್ಲಿ. ನೀನು ಬೊಂಬೆ ಎತ್ತಿ ಗಟ್ಟಿಯಾಗಿ ಕೂಗಿಬಿಡು. ಕೈ ತಾನಾಗೇ ಇಳಿಯುತ್ತೆ."

ಇಳಿದರೆ ಸಾಕಿತ್ತು ಅವಳಿಗೆ. ಬೊಂಬೆಯ ಹೊಟ್ಟೆಯನ್ನು ಅಷ್ಟು ಜೋಪಾನವಾಗಿ ಹೊಲಿದದ್ದೂ ಅದಕ್ಕೇ.

ಆ ದಿನ ಮೋಡ ಕವಿದಿತ್ತು. ಅರ್ಧದಷ್ಟು ದೋಣಿಗಳು ಆಗಲೇ ದಡದಲ್ಲಿ ಬೋರಲಾಗಿ ಬಿದ್ದಿದ್ದವು. ಜನ ಅವುಗಳ ತಳದ ಪಾಚಿಯನ್ನು ಕೆರೆಯುತ್ತ, ಚಹಾ ಕುಡಿಯುತ್ತ, ಒಬ್ಬರ ಕಾಲು ಒಬ್ಬರು ಎಳೆಯುತ್ತ ಇದ್ದರು. ಅವಳು ಗುಬ್ಬಿಯೊಡನೆ ದೋಣಿಯನ್ನು ನೀರಿಗಿಳಿಸಿದಾಗ ಮಾತು ಸ್ವಲ್ಪ ತಗ್ಗಿತು. ಪ್ರತಿವರ್ಷ ಬೊಂಬೆ ಬಿದ್ದೊಡನೆ "ಅಳಿಯಂದ್ರು ನೀರಿಗೆ!" ಎಂದು ಇಡೀ ದಡ ಅರಚುತ್ತಿತ್ತು. ಈ ಸಲ ಡಾಕ್ಟರು ಒಬ್ಬರೇ ಮೈಕಿನಲ್ಲಿ, "ಬಿತ್ತು" ಎಂದರು.

ಹಳದಿ ಕೋಟು ಎಡಕ್ಕೆ, ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿ ತೇಲುತ್ತಿತ್ತು. ಕುರುಡರಿಗೂ ಕಾಣುವಂತಿತ್ತು.

"ಗುಬ್ಬೀ, ತೋರ್ಸು ಪುಟ್ಟಾ."

ಗುಬ್ಬಿ ತೊಡೆಯ ಕೆಳಗಿನಿಂದ ಬಲಗೈ ತೆಗೆದಳು. ಎದ್ದು ನಿಂತಳು. ತೋಳು ಚಾಚಿದಳು. ಅದು ಬಲಕ್ಕೆ, ಕೊಲ್ಲಿಯ ಬಾಯಿಯತ್ತ ಚಾಚಿತು. ಅಲ್ಲಿ ಬೂದುಬಣ್ಣದ ನೀರು ಬಿಟ್ಟು ಏನೂ ಇರಲಿಲ್ಲ.

"ಆ ಕಡೆ ಅಲ್ಲ ಕಣೇ. ಇಲ್ಲಿ ನೋಡು, ಕೋಟು."

"ಅದು ಬೊಂಬೆ" ಎಂದಳು ಗುಬ್ಬಿ, ಕಣ್ಣು ಕೀಳದೆ.

ಉಳಿದ ದೋಣಿಗಳು ಎಡಕ್ಕೆ ತಿರುಗಿದವು. "ಆ ಕಡೆ ಅಲ್ಲಮ್ಮಾ!" ಎಂದು ಮೈಕು ಕೂಗಿತು. ಎಡಕ್ಕೆ ತಿರುಗಿಸಬೇಕು, ಬೊಂಬೆ ಎತ್ತಬೇಕು, ಕೂಗಬೇಕು, ಅವಳು ಅಂದುಕೊಂಡದ್ದು ಅಷ್ಟೇ. ಚುಕ್ಕಾಣಿಯ ಮೇಲಿದ್ದ ಕೈ ಮಾತ್ರ ಅಲುಗಲಿಲ್ಲ. ವರ್ಷವಿಡೀ ರಾತ್ರಿ ರಾತ್ರಿ ಆ ಪುಟ್ಟ ಕೈಯನ್ನು ಅದುಮಿ ಹಿಡಿದವಳು ತಾನು. ಅದು ತೋರಿಸುವ ಕಡೆ ಒಂದು ಸಲವಾದರೂ ತಲೆಯೆತ್ತಿ ನೋಡಿದ್ದಳೇ? ಇಲ್ಲ. ನೋಡುವ ಧೈರ್ಯವಿರಲಿಲ್ಲ.

ಅವಳು ನೀರು ನೋಡುವುದನ್ನು ಬಿಟ್ಟು ಬೆರಳನ್ನು ನೋಡಿದಳು. ದೋಣಿಯನ್ನು ಬಲಕ್ಕೆ ತಿರುಗಿಸಿದಳು.

ಮುಂದೆ ಹೋದಂತೆ ದಡದ ಸದ್ದು ಹಿಂದೆ ಉಳಿಯಿತು. ಹಾಯಿ ಜೋಲುಬಿತ್ತು, ಗಾಳಿಯಿರಲಿಲ್ಲ. ದೋಣಿ ಮಾತ್ರ ಹೋಗುತ್ತಿತ್ತು. ಬೆರಳು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ವಾಲತೊಡಗಿತು, ಹತ್ತಿರವಾದಂತೆ ವಾಲಲೇಬೇಕಾದ ಹಾಗೆ. ಆಮೇಲೆ ಅದು ಮೆಲ್ಲಗೆ ಎಡಕ್ಕೆ ಸರಿಯಿತು. ಬೆರಳು ತೋರಿಸುತ್ತಿದ್ದುದರತ್ತ ತಾವು ಹೋಗುತ್ತಿರುವಂತೆಯೇ ಅದೂ ತಮ್ಮತ್ತ ಬರುತ್ತಿದೆ ಎಂದು ಅವಳಿಗೆ ಅನಿಸಿತು. ಕೊನೆಗೆ ಬೆರಳು ದೋಣಿಯ ಪಕ್ಕದಲ್ಲೇ ನೆಟ್ಟಗೆ ನೀರಿನತ್ತ ನಿಂತಿತು.

"ಬೇಗಮ್ಮಾ. ಅಪ್ಪಂಗೆ ಚಳಿ."

ಅವಳು ಮಂಡಿಯೂರಿ ಎರಡೂ ಕೈಗಳನ್ನು ಭುಜದವರೆಗೆ ನೀರಿಗಿಳಿಸಿದಳು. ಚಳಿಗೆ ಉಸಿರು ಕಟ್ಟಿತು. ಕೈಗೆ ಏನೂ ತಾಕಲಿಲ್ಲ. ಆದರೂ, ಬೊಂಬೆಯನ್ನು ಕಂಕುಳಿಗೆ ಕೈಕೊಟ್ಟು ಎತ್ತುವ ಹಾಗೆ, ಹಲ್ಲು ಕಚ್ಚಿ ಎತ್ತಿದಳು. ದೋಣಿ ಆ ಬದಿಗೆ ವಾಲಿತು. ಅಂಚಿನ ಮೇಲಿನಿಂದ ನೀರು ನುಗ್ಗಿ ಅವಳ ಮಂಡಿ ತೋಯಿಸಿತು. ತನ್ನ ಭಾರಕ್ಕೇ ವಾಲಿತು ಎಂದುಕೊಂಡಳು. ಅವಳ ಭಾರಕ್ಕೆ ಆ ದೋಣಿ ಹಿಂದೆಂದೂ ಅಷ್ಟು ವಾಲಿರಲಿಲ್ಲ. ಆಮೇಲೆ ಅದು ನಿಧಾನವಾಗಿ ನೆಟ್ಟಗಾಯಿತು.

ಅವಳ ಕೈಗಳಲ್ಲಿ ಏನೂ ಇರಲಿಲ್ಲ. ಗುಬ್ಬಿಯ ಬೆರಳು ಈಗ ನಡುಹಲಗೆಯತ್ತ ಇತ್ತು.

"ಕೂಗು" ಎಂದಳು ಗುಬ್ಬಿ.

ಕೂಗಿದರೆ ಹುಡುಕಾಟ ಮುಗಿದಂತೆ. ಬಾಗಿಲ ಹಿಂದಿನ ಅವನ ಚಪ್ಪಲಿಯನ್ನು ತೆಗೆದಿಡಬೇಕು. ರಾತ್ರಿ ಮೆಟ್ಟಿಲ ಸದ್ದಿಗೆ ಕಿವಿಗೊಡುವುದನ್ನು ಬಿಡಬೇಕು. ಅವಳಿಗೆ ಅದು ಬೇಡವಾಗಿತ್ತು. ಆದರೆ ಮಗುವಿನ ತೋಳು ನಡುಗುತ್ತಿತ್ತು, ದಣಿದು, ಆದರೂ ಇಳಿಯದೆ. ಅವಳು ಬಾಯಿ ತೆರೆದಳು. ಬರೀ ಗಾಳಿ ಬಂತು. ಎರಡನೆಯ ಸಲ, ಅಲುಗದ ನೀರಿನ ಮೇಲೆ, ದಡದವರೆಗೂ ಕೇಳಿಸಿತು:

"ಎತ್ತಾಯ್ತು!"

ಗುಬ್ಬಿಯ ಕೈ ಇಳಿಯಿತು. ಜೋಮು ಹಿಡಿದವರ ಹಾಗೆ ಅದನ್ನು ಉಜ್ಜಿಕೊಂಡಳು. ಅದೇ ಹೊತ್ತಿಗೆ ದೂರದಲ್ಲಿ ಇನ್ಯಾರೋ ಬೊಂಬೆಯನ್ನು ಎತ್ತಿ ಅದೇ ಮಾತು ಕೂಗಿದರು. ಚಪ್ಪಾಳೆ ಕೇಳಿಸಿತು.

ಮರಳುವಾಗ ಗುಬ್ಬಿ ನಡುಹಲಗೆಯ ಒಂದು ತುದಿಗೆ ಸರಿದು ಕೂತಳು. ಬಲಗೈಯಲ್ಲಿ ಹಗ್ಗ ಹಿಡಿದು ಆಡಿಸುತ್ತಿದ್ದಳು. ಅಮ್ಮ ಆ ಕೈಯನ್ನೇ ನೋಡುತ್ತ ಅತ್ತಳು. ಹಲಗೆಯ ಉಳಿದ ಭಾಗವನ್ನು ನೋಡಲಿಲ್ಲ.

ದಡದಲ್ಲಿ ಇಬ್ಬರೂ ಇಳಿದು ಮೇಲೆ ನಿಂತರು. ಅವಳ ಅಪ್ಪ ದೋಣಿಗೆ ಕೊಕ್ಕೆ ಸಿಕ್ಕಿಸಿ, ಹಿಂತಿರುಗಿ ಹೋಗಿ, ಬಗ್ಗಿ ರಾಟೆಯ ಹಿಡಿ ತಿರುಗಿಸಿದರು. ಸುತ್ತು ಅರ್ಧಕ್ಕೆ ನಿಂತಿತು. ಈ ದೋಣಿಯನ್ನು ಅವರು ಒಂದೇ ಕೈಯಲ್ಲಿ ಎಳೆಯುತ್ತಿದ್ದರು. ಎರಡೂ ಕೈ ಹಾಕಿದರು. ಹಗ್ಗ ಕಿರುಗುಟ್ಟಿತು.

"ಇಳೀರಿ ಅಳಿಯಂದ್ರೇ" ಎಂದು ಗೊಣಗಿದರು, ತಲೆಯೆತ್ತದೆ.

ಹೇಳಿದ ಮೇಲೆ ತಾವು ಹೇಳಿದ್ದು ಅವರಿಗೇ ಕೇಳಿಸಿತು. ತಲೆಯೆತ್ತಿದರು. ಮಗಳೂ ಮೊಮ್ಮಗಳೂ ಪಕ್ಕದಲ್ಲೇ ನಿಂತಿದ್ದರು. ನೀರಂಚಿನಲ್ಲಿ ದೋಣಿ ಖಾಲಿಯಾಗಿತ್ತು, ನಡುಹಲಗೆ ಒಂದು ಬದಿಗೆ ಮಾತ್ರ ಒದ್ದೆಯಾಗಿತ್ತು. ಆದರೂ ಅವರು ಹಿಡಿಯನ್ನು ಬಿಡಲಿಲ್ಲ. ಬಿಟ್ಟರೆ ದೋಣಿ ಜಾರಿ ನೀರಿಗೆ ಹೋಗುತ್ತಿತ್ತು.

"ತಡಿ ಅಜ್ಜ" ಎಂದಳು ಗುಬ್ಬಿ.

ಅಜ್ಜ ತಡೆದರು. ದೋಣಿ ಒಮ್ಮೆ ಈ ಬದಿಗೆ ಬಾಗಿ, ಮತ್ತೆ ನೆಟ್ಟಗಾಯಿತು. ಹಗ್ಗ ಸಡಿಲವಾಯಿತು. ಅವರು ಹಿಡಿಯನ್ನು ಒಂದೇ ಕೈಯಲ್ಲಿ ತಿರುಗಿಸಿದರು. ದೋಣಿ ನೀರು ಸುರಿಸುತ್ತ ಸಲೀಸಾಗಿ ಮೇಲೆ ಬಂತು.

ಅವಳು ಹಾಯಿ ಬಿಚ್ಚಿ, ಒದ್ದೆ ಬಟ್ಟೆಯನ್ನು ತೋಳಿನ ಮೇಲೆ ಹೇರಿಕೊಂಡು ಮನೆಯತ್ತ ನಡೆದಳು. ಗುಬ್ಬಿ ಮುಂದೆ ಓಡಿ ಬಾಗಿಲು ತೆರೆದು ಬಲಗೈಯಿಂದ ಹಿಡಿದುಕೊಂಡಿದ್ದಳು. ಅಮ್ಮ ಒಳಗೆ ಬಂದಳು, ಅಜ್ಜ ಒಳಗೆ ಬಂದರು. ಆಮೇಲೂ ಗುಬ್ಬಿ ಸ್ವಲ್ಪ ಹೊತ್ತು ಬಾಗಿಲು ಹಿಡಿದೇ ನಿಂತಿದ್ದು, ನಂತರ ಮುಚ್ಚಿದಳು.