ಮಗಳ ನೆತ್ತಿಗೆ ಬಟ್ಟಲು ಎಣ್ಣೆ

ಕಾಮಾಕ್ಷಿಪಾಳ್ಯದ ಏಕಾಂತಯ್ಯನಿಗೆ ಮೋಟಾರ್ ವೈಂಡಿಂಗ್ ಎಂದರೆ ನೀರು ಕುಡಿದಷ್ಟು ಸಲೀಸು. ಆದರೆ ಮಗಳು ಜಗದಾಂಬಳಿಗೆ ಫಿಟ್ಸ್ ಬಂದರೆ ಮಾತ್ರ ಅವನ ಕೈಕಾಲೇ ಆಡುತ್ತಿರಲಿಲ್ಲ. ಕೈಗೆ ಬೀಗದ ಕೈ ಹಿಡಿಸಿದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಕ್ಲಾಸಿನಲ್ಲೇ ಬಿದ್ದ ಮೇಲೆ ಸ್ಕೂಲೂ ನಿಂತಿತು. ಮಗಳು ಮನೆಯಲ್ಲೇ ಮಂಕಾಗಿ ಕೂತಳು.

ಪಕ್ಕದ ಮನೆಯ ನರ್ಸ್ ನೀಲಗಂಗಮ್ಮ ಸುಮ್ಮನಿರಲಿಲ್ಲ. "ಏಕಾಂತಯ್ಯನೋರೇ, ದೊಡ್ಡಾಸ್ಪತ್ರೇಲಿ ಇ.ಇ.ಜಿ. ಮಿಷನ್ ಇದೆ. ತಲೆಗೆ ವೈರ್ ಇಟ್ಟು ಮಿದುಳಿನ ಕರೆಂಟ್ ಅಳೀತಾರೆ."

"ಮಗೂ ತಲೆಗೆ ಕರೆಂಟಾ? ಅದರ ಹೊಡೆತ ನಂಗೊತ್ತಮ್ಮ. ಬೇಡವೇ ಬೇಡ!"

"ಯಾರೂ ಕರೆಂಟ್ ಕೊಡಲ್ಲ. ನಮ್ಮ ಮಿದುಳಲ್ಲೇ ಚೂರು ಕರೆಂಟ್ ಹುಟ್ಟತ್ತೆ. ಅದು ಅಡ್ಡಾದಿಡ್ಡಿ ಆದ್ರೆ ಫಿಟ್ಸು. ಮಿಷನ್ ಅದನ್ನ ಸುಮ್ನೆ ಬರ್ಕೊಳತ್ತೆ ಅಷ್ಟೆ. ತಲೆ ತೊಳೆದು, ಎಣ್ಣೆ ಹಚ್ಚದೆ ಕರ್ಕೊಂಡ್ಹೋಗಿ."

ಏಕಾಂತಯ್ಯ ಹೂಂ ಎಂದ. ಒಳಗೊಳಗೇ ಅಳುಕು. ಎಣ್ಣೆಯಲ್ಲಿ ಕರೆಂಟ್ ಹರಿಯದು ಎಂಬುದು ಅವನ ಕಸುಬಿನ ಪಾಠ. ಹೊರಡುವ ಮುಂಚೆ ಎಲ್ಲರ ಕಣ್ಣು ತಪ್ಪಿಸಿ, ಮಗಳ ನೆತ್ತಿಗೆ ಬಟ್ಟಲು ತುಂಬ ಕೊಬ್ಬರಿ ಎಣ್ಣೆ ತಟ್ಟಿಯೇಬಿಟ್ಟ!

ಆಸ್ಪತ್ರೆಯಲ್ಲಿ ವೈರು ನಿಲ್ಲಲೇ ಇಲ್ಲ. ಜಾರಿ ಜಾರಿ ಬಿತ್ತು. ಮಿಷನ್ ನೋಡಿಕೊಳ್ಳುವ ಕೃಷ್ಣಯ್ಯ, "ಯಾಕ್ರೀ ಇಷ್ಟು ಎಣ್ಣೆ?" ಎಂದರು.

"ಕರೆಂಟ್ ಒಳಗೆ ಹೋಗ್ದೇ ಇರ್ಲಿ ಅಂತ, ಸಾರ್. ನಾನು ಮೋಟಾರ್ ವೈಂಡಿಂಗ್ ಮಾಡೋನು, ಎಣ್ಣೇಲಿ ಕರೆಂಟ್ ಹರಿಯಲ್ಲ ಅಂತ ಗೊತ್ತು."

ಕೃಷ್ಣಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. "ಓಡೋ ಮೋಟಾರಿಗೆ ಮೀಟರ್ ಇಟ್ಟು ನೋಡ್ತೀರಲ್ಲ, ಮೀಟರ್ ಏನು ಮೋಟಾರಿಗೆ ಕರೆಂಟ್ ಕೊಡತ್ತಾ? ಇದೂ ನೋಡೋ ಮೀಟರ್ರೇ ಕಣ್ರೀ."

"ಅಯ್ಯೋ, ಇದು ನಂಗೇ ಹೊಳೀಬಾರ್ದಿತ್ತಾ!" ಏಕಾಂತಯ್ಯನೂ ನಕ್ಕ.

ಮರುದಿನ ಸೀಗೆಪುಡಿ ಹಾಕಿ ತಲೆ ತೊಳೆದುಕೊಂಡು ಬಂದಳು ಜಗದಾಂಬಾ. ಮಿಷನ್ನಿನ ಪೆನ್ನುಗಳು ಕಾಗದದ ಮೇಲೆ ಸರಸರ ಗೆರೆ ಎಳೆದವು.

"ನೋವಾಯ್ತಾ ಕಂದಾ?"

"ಇಲ್ಲಪ್ಪ, ನಿದ್ದೆ ಬಂತು!"

ಗೆರೆ ನೋಡಿ ಡಾಕ್ಟರು ಮಾತ್ರೆ ಬರೆದರು. "ಒಂದು ದಿನಾನೂ ತಪ್ಪಿಸ್ಬೇಡಿ, ನಾವು ಹೇಳದೆ ನಿಲ್ಲಿಸ್ಬೇಡಿ. ಸ್ಕೂಲಿಗೆ ಧಾರಾಳವಾಗಿ ಕಳಿಸಿ."

ಫಿಟ್ಸ್ ಹತೋಟಿಗೆ ಬಂತು. ಜೂನ್‌ನಲ್ಲಿ ಸ್ಕೂಲು ಶುರುವಾದಾಗ ಏಕಾಂತಯ್ಯ ತಾನೇ ಮಗಳನ್ನು ಕ್ಲಾಸಿನವರೆಗೂ ಬಿಟ್ಟುಬಂದ. ಬೆಂಚಿನ ಮೇಲಿದ್ದ ಹುಡುಗಿಯರು ಜರುಗಿ ಜಾಗ ಮಾಡಿಕೊಟ್ಟರು. ಆ ಸಂತೋಷಕ್ಕೆ ಅವನ ಕಣ್ಣು ತುಂಬಿ ಬಂತು.

ನಿಮ್ಮ ಬೀದಿಯಲ್ಲೂ ಫಿಟ್ಸ್ ಬರುವ ಮಗು ಇದೆಯೇ? ಬಿದ್ದಾಗ ಕಬ್ಬಿಣ ಹಿಡಿಸಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಮೆಲ್ಲಗೆ ಮಗ್ಗುಲಿಗೆ ಹೊರಳಿಸಿ, ಜೊತೆಗಿರಿ. ಆಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಮಗುವನ್ನು ಮನೆಯಲ್ಲಿ ಮುಚ್ಚಿಡಬೇಡಿ. ಇದು ಯಾರ ಶಾಪವೂ ಅಲ್ಲ, ಔಷಧಿ ಇರುವ ಕಾಯಿಲೆ.