ಕಾಶಿಬಾಯಿಯ ಎಡಗೈ ಬೆರಳು

ಚಟ್ಟದ ಬಿದಿರಿಗೆ ಹಗ್ಗ ಬಿಗಿಯುತ್ತಿದ್ದ ಸನ್ಮತಿಯ ಕೈ ನಿಂತಿತು. ಅಂಗಳಕ್ಕೆ ಅನುಸೂಯಾ ಬರುತ್ತಿದ್ದಳು. ಅಕ್ಕೋಳದ ಅಂಗನವಾಡಿ ಅಕ್ಕೋರು; ಮತದಾರರ ಪಟ್ಟಿಯ ಕೆಲಸವೂ ಅವಳದೇ. ಕೈಯಲ್ಲಿ ಹೂವಿನ ಹಾರವಿತ್ತು.

ಅವ್ವನ ತಲೆದೆಸೆಗೆ ಕೂತಿದ್ದ ತಂಗಿ ತ್ರಿಶಲಾ ಅವಳನ್ನು ನೋಡಿದ್ದೇ ಸಿಡಿದಳು. "ಈಗ ಹಾರ ಯಾಕ ತಂದೀರಿ, ಅಕ್ಕೋರ? ಎಂಬತ್ತೇಳು ವರ್ಷದಾಕಿ ಓಟ ಹಾಕಾಕ ಹ್ವಾದ್ರ ಬಾಗಲದಾಗಿಂದ ಹೊಳ್ಳಿ ಕಳಸಿದ್ರಿ. ಅದನ್ನ ಮನಸಿಗೆ ಹಚಗೊಂಡ ಮೂರ ದಿನದಾಗ ಹ್ವಾದ್ಲು ನಮ್ಮವ್ವ."

"ಪಟ್ಟಿ ಬರಿಯೂವಾಗ ಕಣ್ಣ ಎಲ್ಲಿಟ್ಟಿದ್ರೋ ಏನೋ," ಎಂದ ಪಕ್ಕದ ಮನೆಯ ಪಾರಿಸ.

ಅನುಸೂಯಾ ಒಮ್ಮೆ ಸನ್ಮತಿಯ ಕಡೆ ನೋಡಿದಳು. ಹೇಳಬಹುದಿತ್ತು. ಹೇಳದೆ, ಹಾರವನ್ನು ಕಾಶಿಬಾಯಿಯ ಎದೆಯ ಮೇಲಿಟ್ಟು ಗೋಡೆಯ ಬದಿಗೆ ನಿಂತಳು. ಸನ್ಮತಿ ತಲೆ ತಗ್ಗಿಸಿ, ಆಗಲೇ ಬಿಗಿದಿದ್ದ ಗಂಟನ್ನೇ ಮತ್ತೆ ಬಿಗಿದ.

*

ಚುನಾವಣೆಗೆ ಮೊದಲು, ವಯಸ್ಸಾದವರು ಮನೆಯಲ್ಲೇ ಮತ ಹಾಕುವ ಅರ್ಜಿಯನ್ನು ಅನುಸೂಯಾ ತಂದುಕೊಟ್ಟಾಗ, ಬಿಸಿಲಲ್ಲಿ ಅವ್ವನನ್ನು ಕರೆದೊಯ್ಯುವ ರಗಳೆ ತಪ್ಪಿತೆಂದುಕೊಂಡ ಸನ್ಮತಿ. ಕೇಳಿದರೆ ಅವ್ವ ಒಪ್ಪುವವಳಲ್ಲ. ಸಾಲಿನಲ್ಲಿ ನಿಲ್ಲಬೇಕು, ನಾಲ್ಕು ಮಂದಿಯನ್ನು ಮಾತಾಡಿಸಬೇಕು, ಮರುದಿನ ಬಸದಿಯಲ್ಲಿ ಗೆಳತಿಯರ ಮುಂದೆ ಶಾಯಿಯ ಬೆರಳು ಮೆರೆಸಬೇಕು. ಅದಿಲ್ಲದ ಮತ ಅವಳಿಗೆ ಮತವೇ ಅಲ್ಲ. ಅದಕ್ಕೇ ಪಿಂಚಣಿ ಕಾಗದವೆಂದು ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡ.

ಅಧಿಕಾರಿಗಳು ಪೆಟ್ಟಿಗೆ ಹಿಡಿದು ಎರಡು ಸಲ ಬಂದರು. ಮೊದಲ ಸಲ ಅವ್ವ ಬಸದಿಯಲ್ಲಿದ್ದಳು, ಎರಡನೆಯ ಸಲ ತೆಲಸಂಗದಲ್ಲಿ, ಮಗಳ ಮನೆಯಲ್ಲಿ. ಎರಡೂ ತಾರೀಖನ್ನು ಅನುಸೂಯಾ ಮೊದಲೇ ಫೋನ್ ಮಾಡಿ ಹೇಳಿದ್ದಳು. ಹೊಲದ ಗಡಿಬಿಡಿಯಲ್ಲಿ ಸನ್ಮತಿ ಮರೆತಿದ್ದ.

ಮನೆಯಲ್ಲಿ ಹಾಕುತ್ತೇನೆಂದು ಬರೆದುಕೊಟ್ಟವರಿಗೆ ಮತಗಟ್ಟೆಯಲ್ಲಿ ಅವಕಾಶವಿಲ್ಲ. ಮತದಾನದ ದಿನ ಇಸ್ತ್ರಿ ಸೀರೆಯುಟ್ಟು, ಒಬ್ಬಳೇ ನಡೆದುಹೋಗಿ, ತಾಸುಗಟ್ಟಲೆ ನಿಂತಿದ್ದ ಕಾಶಿಬಾಯಿಗೆ ತಿಳಿದದ್ದು ಇಷ್ಟೇ: ನಿಮ್ಮ ಮತ ಇಲ್ಲಿಲ್ಲ.

"ನಾ ಏನ ತಪ್ಪ ಮಾಡೇನೋ ಸನ್ಮತಿ? ನಂದ ಯಾಕ ತಗದ್ರು?"

"ಪಟ್ಟ್ಯಾಗ ಏನೋ ತಪ್ಪಾಗೇತಿ, ಬಿಡ ಬೇ ಅವ್ವ."

ಮರುದಿನ ಬಸದಿಯಲ್ಲಿ ಅವಳು ಎಡಗೈಯನ್ನು ಸೆರಗಿನೊಳಗಿಂದ ಹೊರಗೆ ತೆಗೆಯಲೇ ಇಲ್ಲ.

*

ಕಾಶಿಬಾಯಿಯನ್ನು ಚಟ್ಟದ ಮೇಲೆ ಮಲಗಿಸಿದ್ದಾಯಿತು. "ಹೊತ್ತಾತು, ಎತ್ರಿ," ಎಂದ ಪಾರಿಸ.

ಸನ್ಮತಿ ಏಳಲಿಲ್ಲ. "ಅಕ್ಕೋರದೇನೂ ತಪ್ಪಿಲ್ಲ, ತ್ರಿಶಲಾ. ಅರ್ಜಿ ಕೊಟ್ಟಾಂವ ನಾನ. ತಾರೀಖ ಮರತಾಂವನೂ ನಾನ."



"ಅವ್ವ ಕೇಳಿದಾಗರ ಹೇಳಬೇಕಿತ್ತಲ್ಲಣ್ಣಾ," ಎಂದಳು ತ್ರಿಶಲಾ, ಮೆಲ್ಲಗೆ.

ಅಂದು ಹೇಳಿದ್ದರೆ ಅವ್ವ ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಬೈದು ಮುಗಿಸಿ ಊಟಕ್ಕೂ ಕರೆಯುತ್ತಿದ್ದಳು. ಅಷ್ಟನ್ನು ಬೈಸಿಕೊಳ್ಳುವ ಧೈರ್ಯ ಸನ್ಮತಿಗೆ ಇರಲಿಲ್ಲ. ಅವನು ಎದ್ದು ಬಿದಿರು ಹಿಡಿದ. ಪಾರಿಸನೂ ಇನ್ನಿಬ್ಬರೂ ಹಿಡಿದರು. ನಾಲ್ವರ ಎಡಗೈ ಬೆರಳಿನಲ್ಲೂ ಶಾಯಿ ಇನ್ನೂ ಕಪ್ಪಗಿತ್ತು.

"ತಡೀರಿ," ಎಂದಳು ತ್ರಿಶಲಾ. ಬಗ್ಗಿ, ಸೆರಗನ್ನು ಎಳೆದು, ಅವ್ವನ ಎಡಗೈ ಮುಚ್ಚಿದಳು.