ಕೇಳುವವರು

ತುಂಗಮ್ಮನವರ ಕಾಲ ಬಳಿ ಹಾರವಿಟ್ಟು ರವೀಶ್ ಹಿಂದೆ ಸರಿಯುತ್ತಿದ್ದಾಗ, ಅರಳಸುರಳಿಯ ಆ ಅಂಗಳಕ್ಕೆ ಯಾರಿಗೂ ಪರಿಚಯವಿಲ್ಲದ ಮೂವರು ಹೆಂಗಸರು ಬಂದರು. ಮಂಡಗದ್ದೆಯಿಂದ ಎರಡು ಬಸ್ಸು ಹತ್ತಿಳಿದು ಬಂದವರು. ಹಿರಿಯಳಾದ ರಂಗಮ್ಮ ಹೆಣದ ಮುಖವನ್ನು ತುಸು ಹೊತ್ತು ನೋಡಿ, ತನಗೆ ಗೊತ್ತಿದ್ದದ್ದು ದನಿ ಮಾತ್ರ, ಮುಖ ಕಂಡದ್ದು ಇವತ್ತೇ ಎಂದಳು. ಅಡಿಕೆ ಸುಲಿಯುತ್ತ ಅವರು ಮೊಬೈಲಿನಲ್ಲಿ ದಿನಾ ಈ ಅಮ್ಮನ ಕಾದಂಬರಿ ಕೇಳುತ್ತಿದ್ದರಂತೆ. ಸಾವಿನ ಸುದ್ದಿಯೂ ಅದರಲ್ಲೇ ಬಂತಂತೆ.

ತೀರ್ಥಹಳ್ಳಿಯಲ್ಲಿ ಸಣ್ಣ ಪ್ರಕಾಶನ ನಡೆಸುವ ರವೀಶ್‌ಗೆ ಇದು ಗೊತ್ತೇ ಇರಲಿಲ್ಲ.

*

ಎರಡು ವರ್ಷದ ಹಿಂದೆ ತುಂಗಮ್ಮ ತಮ್ಮ ನಾಲ್ಕನೆಯ ಹಸ್ತಪ್ರತಿ ಹಿಡಿದು ಅವನ ಅಂಗಡಿಗೆ ಬಂದಿದ್ದರು. ಮೊದಲ ಮೂರನ್ನೂ ಅಚ್ಚು ಹಾಕಿದವನು ಅವನೇ. ಆದರೆ ಗ್ರಂಥಾಲಯಗಳಿಗೆ ಪುಸ್ತಕ ಹೋಗುವುದು ಕಡಿಮೆಯಾಗಿತ್ತು. ಹಳೆಯವಕ್ಕೇ ಗೆದ್ದಲು ಹಿಡಿದಿತ್ತು. ಆರು ತಿಂಗಳು ಬಿಟ್ಟು ವಿಚಾರಿಸಲು ಬಂದರು.

“ಓದಿದೆ ಟೀಚರ್, ಚೆನ್ನಾಗಿದೆ,” ಎಂದ. “ಆದ್ರೆ ಈಗ ಓದೋರಿಲ್ಲ, ಕೇಳೋರೇ ಎಲ್ಲ. ನೀವೇ ಓದಿ ಫೋನಲ್ಲಿ ಹಾಕಿ.”

ಸಾಗಹಾಕಲು ಆಡಿದ ಮಾತು. ಎಪ್ಪತ್ತೆರಡರ ತುಂಗಮ್ಮ ನಂಬಿದರು.

“ನೀನು ಓದಿದ್ಯಲ್ಲ, ಸಾಕು ಬಿಡು,” ಎಂದು ಪ್ರತಿಯನ್ನು ಅವನ ಬಳಿಯೇ ಬಿಟ್ಟು ಹೋದರು.

*

“ಆ ಬಂಗಾರಮ್ಮಂಗೆ ಕಡೇಗೆ ಮಗಳು ಸಿಕ್ಕಿದ್ಲಾ?” ರಂಗಮ್ಮ ಕೇಳಿದಳು.

ಬಂಗಾರಮ್ಮ ಕಾದಂಬರಿಯ ಹೆಂಗಸು. ಮುನಿಸಿಕೊಂಡು ಹೋದ ಮಗಳನ್ನು ಹುಡುಕಿ ಹೊರಟವಳು. ಕೊನೆಗೆ ಬಂದ ಕಂತು ಯಾವುದೋ ಮನೆಯ ಬಾಗಿಲಲ್ಲಿ ನಿಂತಿತ್ತು.

ತುಂಗಮ್ಮನವರ ಮಗಳು ರಕ್ಷಾ ಕಣ್ಣೊರೆಸಿಕೊಂಡಳು. ಅವ್ವ ಫೋನಿಗೆ ಓದುತ್ತಿದ್ದ ಕರಡಿನಲ್ಲಿ ಕೊನೆಯ ಅಧ್ಯಾಯವಿಲ್ಲ, ಪೂರ್ತಿ ಪ್ರತಿ ಇರುವುದು ರವೀಶಣ್ಣನ ಹತ್ತಿರ ಎಂದಳು. “ಅವ್ರು ಓದಿದಾರೆ. ಅವ್ರನ್ನೇ ಕೇಳಿ.”

ಮೂವರೂ ಅವನ ಕಡೆ ತಿರುಗಿದರು. ಸಿಕ್ಕಿದಳು ಎಂದುಬಿಡಬಹುದಿತ್ತು, ನಾಲಿಗೆಯ ತುದಿಗೂ ಬಂದಿತ್ತು.

“ನಾನು ಓದಿಲ್ಲ,” ಎಂದ.

ರಂಗಮ್ಮ ಸಿಟ್ಟಾಗಲಿಲ್ಲ. ಅರ್ಥವಾಗದವಳಂತೆ ಅವನನ್ನೇ ನೋಡಿದಳು.

“ನಿಮ್ಗೆ ಓದಕ್ಕೆ ಬರ್ತದಲ್ಲ?”

ರಕ್ಷಾ ಒಳಗೆ ಹೋದಳು. ಚಟ್ಟ ಎತ್ತುವಾಗ ಹೆಗಲು ಕೊಡಲು ರವೀಶ್‌ಗೆ ಧೈರ್ಯವಾಗಲಿಲ್ಲ. ಎಲ್ಲರ ಹಿಂದೆ ನಡೆದ.

ದಹನ ಮುಗಿದ ಮೇಲೆ ತೀರ್ಥಹಳ್ಳಿಗೆ ಹೋಗಿ ಹಸ್ತಪ್ರತಿಯ ಕಟ್ಟು ತಂದ. ಇಳಿಹೊತ್ತಾಗಿತ್ತು. ಆ ಹೆಂಗಸರು ಬಸ್ಸು ಬಿಟ್ಟು ಜಗಲಿಯಲ್ಲೇ ಕೂತಿದ್ದರು. ರಕ್ಷಾ ಬಾಗಿಲಿಗೊರಗಿ ನಿಂತಿದ್ದಳು. ತುಂಗಮ್ಮ ಬಿಗಿದಿದ್ದ ದಾರದ ಗಂಟು ಅವನ ಉಗುರಿಗೆ ಬಗ್ಗಲಿಲ್ಲ. ರಂಗಮ್ಮ ಕಟ್ಟನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಅಡಿಕೆ ಸುಲಿದು ಕಪ್ಪಿಟ್ಟ ಬೆರಳುಗಳಿಂದ, ದಾರ ಹರಿಯದಂತೆ, ಗಂಟಿನ ಒಂದೊಂದೇ ಎಳೆ ಬಿಡಿಸತೊಡಗಿದಳು.